‘ಸ್ಪೀಡ್ ಇಲ್ಲ’ ಅಂತಾರೆ: 12 ಹಾಸಿಗೆಯನ್ನು ಆರು ತಾಸಿನಲ್ಲಿ ನೋಡುವುದು ಹೇಗೆ?

ಪ್ರಶ್ನೆ: ನಾನು ರೋಣ ತಾಲ್ಲೂಕಿನವಳು. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ, ನೋಂದಣಿ ಮಾಡಿಸಿಕೊಂಡು, ಮೂರು ವಾರದ ಹಿಂದೆ ಹುಬ್ಬಳ್ಳಿಯ ಒಂದು ದವಾಖಾನೆಯ ಮೆಡಿಕಲ್-ಸರ್ಜಿಕಲ್ ವಾರ್ಡಿಗೆ ಸೇರಿದ್ದೇನೆ. ಬೆಳಗಿನ ಡ್ಯೂಟಿಯಲ್ಲಿ ನನ್ನ ಪಾಲಿಗೆ 12 ಹಾಸಿಗೆ. ಎಂಟಕ್ಕೆ ಓಡಲು ಶುರು ಮಾಡಿದರೂ ಎರಡಕ್ಕೆ ಮುಗಿಯುವುದಿಲ್ಲ, ಚಾರ್ಟ್ ಬರೆಯುವುದು ಮೂರರವರೆಗೆ ಎಳೆಯುತ್ತದೆ. ಸೀನಿಯರ್ ಸಿಸ್ಟರ್ ದಿನಾ ‘ಸ್ಪೀಡ್ ಇಲ್ಲ ನಿನಗ’ ಅನ್ನುತ್ತಾರೆ. ಅವಸರದಲ್ಲಿ ಏನಾದರೂ ತಪ್ಪು ಮಾಡಿಬಿಟ್ಟರೆ ಎಂಬ ಹೆದರಿಕೆ ಬೇರೆ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ?

ಉತ್ತರ: ಮೊದಲು ಲೆಕ್ಕ ಹಾಕಿ ನೋಡೋಣ. ಎಂಟರಿಂದ ಎರಡು ಅಂದರೆ 360 ನಿಮಿಷ. ಓವರ್ (ಡ್ಯೂಟಿ ಬದಲಾಗುವಾಗ ರೋಗಿಗಳ ವಿವರ) ತಗೊಳ್ಳುವುದು, ಕೊಡುವುದು, ಡಾಕ್ಟರ ರೌಂಡ್ಸ್, ಇಂಡೆಂಟ್ (ಸ್ಟೋರಿನಿಂದ ಸಾಮಾನು ತರಿಸುವ ಚೀಟಿ), ಚಾರ್ಟ್, ಇಷ್ಟಕ್ಕೇ ಎರಡು ತಾಸು ಹೋಗುತ್ತದೆ. ಉಳಿದ 240 ನಿಮಿಷವನ್ನು 12 ಜನಕ್ಕೆ ಹಂಚಿದರೆ ತಲೆಗೆ 20 ನಿಮಿಷ. ಬಿಪಿ, ಸೂಜಿ, ಗುಳಿಗೆ, ಸಲಾಯಿನ್, ಡ್ರೆಸಿಂಗ್ ಎಲ್ಲವೂ ಅದರಲ್ಲೇ ಆಗಬೇಕು. ‘ಸಿಸ್ಟರ್, ಮನಿಗೆ ಯಾವಾಗ ಬಿಡ್ತಾರ್ರೀ’ ಎಂಬ ಪ್ರಶ್ನೆಗೆ ಉತ್ತರ ಕೊಡುವುದೂ ಅದರಲ್ಲೇ. ಹಾಗಾಗಿ ಇದು ನಿಮ್ಮ ಕಾಲಿನ ತೊಂದರೆ ಅಲ್ಲ. ಎಲ್ಲಿ ಕೈ ನಿಧಾನ ಮಾಡಬೇಕು, ಎಲ್ಲಿ ಚುರುಕು ಮಾಡಬಹುದು ಎಂಬುದು ಇನ್ನೂ ಕೂತಿಲ್ಲ, ಅಷ್ಟೆ. ಹೊಸಬರು ಇದನ್ನು ಸಾಮಾನ್ಯವಾಗಿ ಉಲ್ಟಾ ಮಾಡುತ್ತಾರೆ: ಬೆಡ್‌ಶೀಟ್ ಎಳೆದು ಸರಿ ಮಾಡಲು ಐದು ನಿಮಿಷ, ಇನ್ಸುಲಿನ್ ಎಳೆಯಲು ಐದು ಸೆಕೆಂಡ್.

ಮೊದಲ 20 ನಿಮಿಷ ಯಾವ ಕೆಲಸವನ್ನೂ ಹಚ್ಚಿಕೊಳ್ಳಬೇಡಿ, ಬರೀ ನೋಡಿ. ಓವರ್ ತಗೊಳ್ಳುವುದನ್ನು ಕೌಂಟರಿನಲ್ಲಿ ನಿಂತು ಮುಗಿಸದೆ, ರಾತ್ರಿ ಡ್ಯೂಟಿಯವರ ಜತೆ ಹಾಸಿಗೆಯಿಂದ ಹಾಸಿಗೆಗೆ ಹೋಗಿ. ಒಬ್ಬೊಬ್ಬರ ಹತ್ತಿರ ಒಂದೂವರೆ ನಿಮಿಷ ಸಾಕು, ಆದರೆ ಕಣ್ಣು ಇಳಿಯುವ ದಾರಿ ಪ್ರತಿಸಲವೂ ಒಂದೇ ಇರಲಿ. ಮುಖದಿಂದ ಶುರು ಮಾಡಿ: ಮಾತಾಡಿಸಿದರೆ ಉತ್ತರ ಬರುತ್ತದೆಯೇ, ಮಾತು ಅರ್ಧಕ್ಕೆ ನಿಲ್ಲಿಸಿ ಉಸಿರು ತಗೊಳ್ಳುತ್ತಾರೆಯೇ. ಆಮೇಲೆ ಮೂಗು: ಆಕ್ಸಿಜನ್ ಎಷ್ಟು ಲೀಟರ್, ಬಾಟಲಿಯ ನೀರಿನಲ್ಲಿ ಗುಳ್ಳೆ ಏಳುತ್ತಿದೆಯೇ. ಸಲಾಯಿನ್ ಬಾಟಲಿಯಲ್ಲಿ ಏನಿದೆ, ಎಷ್ಟು ಉಳಿದಿದೆ, ಅದರಲ್ಲಿ ಯಾವ ಔಷಧ ಸೇರಿಸಿದ್ದಾರೆ. ವೆನ್‌ಫ್ಲಾನ್ (ಸಲಾಯಿನ್‌ಗೆ ರಕ್ತನಾಳದಲ್ಲಿ ಕೂರಿಸಿದ ನಳಿಕೆ) ಇರುವ ಜಾಗ ಕೆಂಪಾಗಿದೆಯೇ, ಉಬ್ಬಿದೆಯೇ. ಡ್ರೆಸಿಂಗ್ ಒದ್ದೆಯೇ. ಡ್ರೇನ್ (ಗಾಯದೊಳಗಿನ ರಕ್ತ, ನೀರು ಹೊರಗೆ ಬರಲು ಇಟ್ಟ ನಳಿಕೆ), ಯೂರಿನ್ ಬ್ಯಾಗ್, ಕೊನೆಗೆ ಕಾಲು. ಹೀಗೆ ತಲೆಯಿಂದ ಕಾಲಿನವರೆಗೆ ಒಂದೇ ಕ್ರಮದಲ್ಲಿ ಹೋದರೆ ಯಾವುದೂ ತಪ್ಪುವುದಿಲ್ಲ. ಒಂದು ಬಿಟ್ಟುಹೋದರೆ ಬಿಟ್ಟದ್ದು ತಾನೇ ಗೊತ್ತಾಗುತ್ತದೆ.

ಜೇಬಿನಲ್ಲಿ ಒಂದು ಹಾಳೆ ಇಟ್ಟುಕೊಳ್ಳಿ. 12 ಚೌಕ ಹೊಡೆದು ಪ್ರತಿ ಚೌಕದಲ್ಲಿ ಹಾಸಿಗೆ ನಂಬರ್, ಐಪಿ ನಂಬರಿನ (ಭರ್ತಿಯಾದಾಗ ರೋಗಿಗೆ ಕೊಡುವ ನಂಬರ್) ಕೊನೆಯ ನಾಲ್ಕು ಅಂಕಿ, ಕಾಯಿಲೆ, ಅಲರ್ಜಿ, ಔಷಧದ ಹೊತ್ತು, ಬಾಕಿ ಇರುವ ರಿಪೋರ್ಟ್ ಬರೆಯಿರಿ. ನೆನಪಿನ ಮೇಲೆ ಭರವಸೆ ಇಟ್ಟು ಕೆಲಸ ಮಾಡುವವರಿಗೆ ಹನ್ನೊಂದು ಗಂಟೆಯ ಆಂಟಿಬಯಾಟಿಕ್ ನೆನಪಾಗುವುದು ಒಂದೂವರೆಗೆ. ಡ್ಯೂಟಿ ಮುಗಿದ ಮೇಲೆ ಆ ಹಾಳೆಯನ್ನು ಹರಿದು ಹಾಕಿ, ರೋಗಿಯ ವಿವರ ಮನೆಗೆ ಹೋಗಬಾರದು.

ನೋಡಿ ಮುಗಿದ ಮೇಲೆ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ್ದು ಇಷ್ಟು: ಇನ್ನೊಂದು ತಾಸಿನಲ್ಲಿ ಯಾರ ಸ್ಥಿತಿ ಬದಲಾಗಬಹುದು? ರಾತ್ರಿ ಓಟಿಯಿಂದ (ಆಪರೇಶನ್ ಥಿಯೇಟರ್) ಬಂದವರು, ಆಕ್ಸಿಜನ್ ಮೇಲೆ ಇರುವವರು, ರಕ್ತ ಏರುತ್ತಿರುವವರು, ಬೆಳಗಿನ ಶುಗರ್ ತೀರ ಕಡಿಮೆ ಬಂದವರು, ಈಗಷ್ಟೇ ಭರ್ತಿಯಾದವರು. ಮೊದಲು ಅವರ ಹತ್ತಿರ ಹೋಗಿ. ಹಾಸಿಗೆ ಒಂದರಿಂದ 12ರವರೆಗೆ ಸಾಲಾಗಿ ಹೋಗುವುದು ರೇಶನ್ ಹಂಚುವ ಕ್ರಮ, ವಾರ್ಡಿನದ್ದಲ್ಲ. ಎರಡನೆಯ ಸುತ್ತು ಗಡಿಯಾರಕ್ಕೆ ಕಟ್ಟಿದ ಕೆಲಸಗಳದು: ಇನ್ಸುಲಿನ್, ಆಂಟಿಬಯಾಟಿಕ್, ಓಟಿಗೆ ಕಳಿಸುವವರ ತಯಾರಿ. ಡ್ರೆಸಿಂಗ್, ಡಿಸ್‌ಚಾರ್ಜ್, ಸ್ಕ್ಯಾನಿಂಗ್‌ಗೆ ಕಳಿಸುವುದು ಆಮೇಲೆ.

ಈಗ ನಿಧಾನ ಮಾಡಬೇಕಾದ ಜಾಗಗಳಿಗೆ ಬರೋಣ. ಮೊದಲನೆಯದು ಉಸಿರು ಎಣಿಸುವುದು. ಯಾವ ವಾರ್ಡಿನ ಟಿಪಿಆರ್ (ಜ್ವರ, ನಾಡಿ, ಉಸಿರು) ಚಾರ್ಟ್ ತೆಗೆದರೂ ಉಸಿರಾಟದ ಸಾಲಿನಲ್ಲಿ 20, 20, 20 ಎಂದು ಸಾಲು ಮಾವಿನ ತೋರಣ ಕಟ್ಟಿದಂತೆ ಇರುತ್ತದೆ. ಯಾರೂ ಎಣಿಸಿರುವುದಿಲ್ಲ. ರೋಗಿ ಕೈಜಾರುವಾಗ ಬಹಳ ಸಲ ಮೊದಲು ಏರುವುದು ಇದೇ ಸಂಖ್ಯೆ. ಬಿಪಿ ಇನ್ನೂ ಸರಿ ಇರುತ್ತದೆ, ಜ್ವರ ಇರುವುದಿಲ್ಲ, ಆದರೆ ಉಸಿರು 26, 28 ಆಗಿರುತ್ತದೆ. ಎಣಿಸುವ ವಿಧಾನ ಹೀಗೆ: ಮಣಿಕಟ್ಟು ಹಿಡಿದು ನಾಡಿ ಎಣಿಸಿ, ನಾಡಿ ಮುಗಿದರೂ ಕೈ ಬಿಡದೆ ಕಣ್ಣನ್ನು ಎದೆ-ಹೊಟ್ಟೆಯ ಕಡೆ ಇಳಿಸಿ, ಪೂರ್ತಿ 60 ಸೆಕೆಂಡ್ ಎಣಿಸಿ. ‘ಉಸಿರು ಎಣಸ್ತೇನ್ರಿ’ ಎಂದು ಹೇಳಿದಿರೋ, ರೋಗಿ ತನ್ನ ಉಸಿರಿನ ಮೇಲೆ ಗಮನ ಇಟ್ಟು ಲೆಕ್ಕ ಕೆಡಿಸುತ್ತಾರೆ. ದೊಡ್ಡವರಲ್ಲಿ 12ರಿಂದ 20 ಸಾಮಾನ್ಯ. 24 ದಾಟಿದರೆ ಇನ್ನೊಮ್ಮೆ ಎಣಿಸಿ, ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಪ್ರಮಾಣ) ನೋಡಿ, ಡಾಕ್ಟರಿಗೆ ತಿಳಿಸಿ. ಬೀಡಿ ಸೇದಿ ಶ್ವಾಸಕೋಶ ಹಾಳಾದ ಹಳೆಯ ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ) ರೋಗಿಗೆ ಸ್ಯಾಚುರೇಶನ್ 88ರಿಂದ 92 ಇದ್ದರೆ ಸಾಕು. ಸಂಬಂಧಿಕರು ಗಾಬರಿಯಾದರೆಂದು ಅವರಿಗೆ ಆಕ್ಸಿಜನ್ ಏರಿಸುತ್ತ ಹೋದರೆ ಮಂಪರು ಹತ್ತುತ್ತದೆ.

ಇದರ ಜತೆಗೇ ರೋಗಿಯ ಮಾತಿಗೆ ಕಿವಿ ಕೊಡುವುದು. ನಮ್ಮ ಕಡೆಯ ಹಿರಿಯರು ‘ಎದೆನೋವು’ ಎಂಬ ಪದವನ್ನು ಹೆಚ್ಚಾಗಿ ಬಳಸುವುದಿಲ್ಲ. ‘ಯಾಕೋ ಸಂಕಟ ಆಗಾಕತ್ತೇತ್ರಿ’ ಎನ್ನುತ್ತಾರೆ. ಹೊಟ್ಟೆ ತೊಳಸುವುದಕ್ಕೂ ಅದೇ ಮಾತು, ಎದೆ ಹಿಡಿಯುವುದಕ್ಕೂ ಅದೇ ಮಾತು. ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತ ಎದೆನೋವೇ ಇಲ್ಲದೆ ಬರಬಹುದು. ಆದ್ದರಿಂದ ಶುಗರ್ ಇರುವ ಅಜ್ಜಿ ಸಂಕಟ ಅಂದರೆ ಗ್ಯಾಸಿನ ಗುಳಿಗೆ ಕೊಟ್ಟು ಮುಂದಿನ ಹಾಸಿಗೆಗೆ ಹೋಗಬೇಡಿ. ಹಣೆ ಮುಟ್ಟಿ ನೋಡಿ. ತಣ್ಣನೆಯ ಬೆವರು ಇದ್ದರೆ ಬೆರಳು ಚುಚ್ಚಿ ಶುಗರ್, ಬಿಪಿ, ಸ್ಯಾಚುರೇಶನ್ ನೋಡಿ, ಡಾಕ್ಟರಿಗೆ ತಿಳಿಸುತ್ತಲೇ ಇಸಿಜಿ ಹಚ್ಚಿ. ಶುಗರ್ 70ಕ್ಕಿಂತ ಕೆಳಗೆ ಇದ್ದು ಎಚ್ಚರ ಇದ್ದರೆ, ನುಂಗಲು ಬರುತ್ತಿದ್ದರೆ, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ 15 ನಿಮಿಷಕ್ಕೆ ಮತ್ತೆ ನೋಡಿ. ಎಚ್ಚರ ಇಲ್ಲದವರ ಬಾಯಿಗೆ ಏನನ್ನೂ ಹಾಕುವಂತಿಲ್ಲ. ಅವರಿಗೆ ರಕ್ತನಾಳದಲ್ಲಿ ಡೆಕ್ಸ್‌ಟ್ರೋಸ್ ಬೇಕು. 25 ಪರ್ಸೆಂಟಿನ 100 ಎಂಎಲ್ ಕೊಟ್ಟರೆ 25 ಗ್ರಾಂ ಸಕ್ಕರೆ ಹೋದಂತೆ.

ಎರಡನೆಯ ನಿಧಾನದ ಜಾಗ ಹೆಸರು. ಒಂದು ಗಂಡಸರ ವಾರ್ಡಿನಲ್ಲಿ ಇಬ್ಬರು ಬಸಪ್ಪ, ಮೂವರು ಮಲ್ಲಪ್ಪ ಇರುವುದು ಇಲ್ಲಿ ಅಪರೂಪವಲ್ಲ. ‘ಬಸಪ್ಪ ಅಂದ್ರ ನೀವರೀ?’ ಎಂದು ಕೇಳಿದರೆ ಕಿವಿ ಮಂದವಾದ ಅಜ್ಜ, ಯಾರ ಹೆಸರೇ ಇರಲಿ, ‘ಹೂಂ’ ಅನ್ನುತ್ತಾನೆ. ‘ನಿಮ್ಮ ಹೆಸರೇನ್ರೀ? ಯಾವೂರ್ರೀ?’ ಎಂದು ಅವರ ಬಾಯಿಂದಲೇ ಹೇಳಿಸಿ. ಅವರಿಗೆ ಮಾತು ಬಾರದಿದ್ದರೆ ಪಕ್ಕದಲ್ಲಿರುವ ಹೆಂಡತಿಯನ್ನು ಕೇಳಬೇಕಾಗುತ್ತದೆ. ಹಳ್ಳಿಯ ಅನೇಕ ಹೆಣ್ಣುಮಕ್ಕಳು ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ, ನಕ್ಕು ಸುಮ್ಮನಾಗುತ್ತಾರೆ, ಇಲ್ಲವೇ ನೀವು ಹೇಳಿದ್ದಕ್ಕೆ ತಲೆ ಅಲ್ಲಾಡಿಸುತ್ತಾರೆ. ಆಗ ಕೈಪಟ್ಟಿಯ ಐಪಿ ನಂಬರನ್ನು ಕೇಸ್ ಶೀಟಿನ ಜತೆ ತಾಳೆ ಹಾಕುವುದೊಂದೇ ದಾರಿ. ಹಾಸಿಗೆ ನಂಬರನ್ನು ಯಾವತ್ತೂ ಗುರುತು ಅಂದುಕೊಳ್ಳಬೇಡಿ. ಫ್ಯಾನಿನ ಗಾಳಿ ಬೇಕೆಂದು ಪೇಶಂಟುಗಳೇ ಹಾಸಿಗೆ ಬದಲಿಸಿಕೊಂಡು ಮಲಗಿರುತ್ತಾರೆ.

ಮೂರನೆಯದು ಇನ್ಸುಲಿನ್. ಇದರಲ್ಲಿ ಆಗುವ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದು ತಪ್ಪು ಎಂದು ಮಾಡುವವರಿಗೇ ಗೊತ್ತಾಗುವುದಿಲ್ಲ. ನಮ್ಮಲ್ಲಿ ವಾರ್ಡಿಗೆ ಬರುವ ಇನ್ಸುಲಿನ್ ಬಾಟಲಿಯಲ್ಲಿ ಸಾಮಾನ್ಯವಾಗಿ ಒಂದು ಎಂಎಲ್‌ಗೆ 40 ಯೂನಿಟ್ ಇರುತ್ತದೆ. ಪೆನ್ನಿನ ಕಾರ್ಟ್ರಿಜ್‌ನಲ್ಲಿ ಮತ್ತು ಕೆಲವು ಬಾಟಲಿಗಳಲ್ಲಿ 100 ಯೂನಿಟ್. ಸಿರಿಂಜೂ ಎರಡು ಥರ: ಕೆಂಪು ಟೋಪಿಯದು 40ಕ್ಕೆ, ಕಿತ್ತಳೆ ಟೋಪಿಯದು 100ಕ್ಕೆ. ಡಾಕ್ಟರು 10 ಯೂನಿಟ್ ಬರೆದಿದ್ದಾರೆ ಅನ್ನಿ. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ 10ರ ಗೆರೆಗೆ ಎಳೆದರೆ ಒಳಗೆ ಬರುವುದು 0.1 ಎಂಎಲ್, ಅಂದರೆ 4 ಯೂನಿಟ್. ಶುಗರ್ ಇಳಿಯುವುದಿಲ್ಲ, ಮರುದಿನ ಡೋಸ್ ಏರಿಸುತ್ತಾರೆ. ಆಮೇಲೊಂದು ದಿನ ಯಾರೋ ಸರಿಯಾದ ಸಿರಿಂಜಿನಲ್ಲಿ ಏರಿಸಿದ ಡೋಸನ್ನು ಕೊಟ್ಟಾಗ ರೋಗಿ ಬೆವತು ಬೀಳುತ್ತಾರೆ. ಇದರ ಉಲ್ಟಾ ಇನ್ನೂ ಕೆಟ್ಟದು: 100ರ ಬಾಟಲಿಯಿಂದ ಕೆಂಪು ಸಿರಿಂಜಿನಲ್ಲಿ 10ರ ಗೆರೆಗೆ ಎಳೆದರೆ 25 ಯೂನಿಟ್ ಹೋಗುತ್ತದೆ. ಬಾಟಲಿಯ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಎರಡನ್ನೂ ಬಾಯಲ್ಲಿ ಓದಿ, ಪಕ್ಕದ ಸಿಸ್ಟರಿಗೆ ತೋರಿಸಿ ಆಮೇಲೆ ಕೊಡಿ. ಊಟಕ್ಕೆ ಅರ್ಧ ತಾಸು ಮೊದಲು ಕೊಡುವ ಇನ್ಸುಲಿನ್ ಆಗಿದ್ದರೆ, ಊಟ ಎಲ್ಲಿದೆ ಎಂದು ಕೇಳಿ. ಊಟ ದವಾಖಾನೆಯದಾದರೆ ಹೊತ್ತಿಗೆ ಬರುತ್ತದೆ. ಕುಂದಗೋಳದಿಂದ ಬಸ್ಸಿನಲ್ಲಿ ರೊಟ್ಟಿ ಬುತ್ತಿ ಬರಬೇಕು ಎಂದಾದರೆ ಬುತ್ತಿ ವಾರ್ಡಿನ ಬಾಗಿಲು ದಾಟಿದ ಮೇಲೆ ಸೂಜಿ.

ಪೊಟ್ಯಾಶಿಯಂ ಕ್ಲೋರೈಡ್ ನಾಲ್ಕನೆಯದು. 10 ಎಂಎಲ್‌ನ ಒಂದು ಆಂಪ್ಯೂಲಿನಲ್ಲಿ (ಔಷಧದ ಪುಟ್ಟ ಸೀಸೆ) 20 ಮಿಲಿಈಕ್ವಿವಲೆಂಟ್ (ಲವಣ ಅಳೆಯುವ ಮಾಪನ) ಇರುತ್ತದೆ. ನೋಡಲು ಡಿಸ್ಟಿಲ್ಡ್ ವಾಟರ್ ಆಂಪ್ಯೂಲಿನ ತಮ್ಮನಂತೆ ಕಾಣುತ್ತದೆ. ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ, ಅದಕ್ಕೆ ಎರಡನೆಯ ಅವಕಾಶ ಇಲ್ಲ. 500 ಎಂಎಲ್ ಬಾಟಲಿಗೆ ಒಂದೇ ಆಂಪ್ಯೂಲ್, ಕೈಯ ರಕ್ತನಾಳದಲ್ಲಿ ತಾಸಿಗೆ 10 ಮಿಲಿಈಕ್ವಿವಲೆಂಟ್ ಮೀರದಂತೆ. ಮೂತ್ರ ಸರಿಯಾಗಿ ಹೋಗುತ್ತಿದೆಯೇ ಎಂದು ಮೊದಲು ನೋಡಬೇಕು. ಇನ್ನೊಂದು ಸೂಕ್ಷ್ಮ ಇದೆ: ನೇತುಹಾಕಿದ ಬಾಟಲಿಗೆ ಸೂಜಿಯಿಂದ ಸೇರಿಸಿ ಹಾಗೇ ಬಿಟ್ಟರೆ ಪೊಟ್ಯಾಶಿಯಂ ಭಾರಕ್ಕೆ ಕೆಳಗೆ, ಸೆಟ್ಟಿನ ಬಾಯಿಯ ಹತ್ತಿರ, ಕೂತುಕೊಳ್ಳುತ್ತದೆ. ಮೊದಲ ಹತ್ತು ನಿಮಿಷ ಗಟ್ಟಿ ಔಷಧವೇ ಹೋಗುತ್ತದೆ. ಬಾಟಲಿಯನ್ನು ಕೆಳಗಿಳಿಸಿ, ಔಷಧ ಹಾಕಿ, ಹತ್ತು ಸಲ ತಲೆಕೆಳಗು ಮಾಡಿ ಬೆರೆಸಿ, ಲೇಬಲ್ ಹಚ್ಚಿ ಆಮೇಲೆ ಏರಿಸಿ. ಇದೇ ಸಾಲಿಗೆ ಸೇರಿದ ಎರಡು ಮಾತು: ಫಿಟ್ಸ್‌ಗೆ ಕೊಡುವ ಫಿನೈಟಾಯಿನ್ ನಾರ್ಮಲ್ ಸಲಾಯಿನ್‌ನಲ್ಲಿ ಮಾತ್ರ, ಡೆಕ್ಸ್‌ಟ್ರೋಸ್‌ನಲ್ಲಿ ಹರಳುಗಟ್ಟುತ್ತದೆ. ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕನ್ನು ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಸಲಾಯಿನ್) ಹೋಗುತ್ತಿರುವ ಲೈನಿಗೆ ಕೊಡಬಾರದು, ಅದರಲ್ಲಿ ಕ್ಯಾಲ್ಸಿಯಂ ಇದೆ.

ರಕ್ತ ಏರಿಸುವಾಗ ಮೊದಲ 15 ನಿಮಿಷ ಹಾಸಿಗೆಯ ಪಕ್ಕವೇ ನಿಲ್ಲಬೇಕು. ಉಳಿದ 11 ಹಾಸಿಗೆಗಳು ಕೂಗಿದರೂ ಸರಿ. ಬ್ಲಡ್ ಬ್ಯಾಂಕಿನಿಂದ ಹೊರಬಿದ್ದ ಅರ್ಧ ತಾಸಿನೊಳಗೆ ಶುರು, ನಾಲ್ಕು ತಾಸಿನೊಳಗೆ ಮುಗಿತಾಯ. ಬ್ಯಾಗಿನ ನಂಬರ್, ಗುಂಪು, ಕೊನೆಯ ದಿನಾಂಕ, ರೋಗಿಯ ಹೆಸರು, ಐಪಿ ನಂಬರನ್ನು ಇಬ್ಬರು ಓದಬೇಕು, ಅದೂ ಹಾಸಿಗೆಯ ಪಕ್ಕದಲ್ಲಿ. ಕೌಂಟರಿನಲ್ಲಿ ಓದಿ ಸಹಿ ಹಾಕಿಸಿಕೊಂಡು ಒಬ್ಬರೇ ಹೋಗಿ ಹಚ್ಚುವುದರಿಂದಲೇ ತಪ್ಪು ರಕ್ತ ಏರುವುದು. ಚಳಿ, ಸೊಂಟನೋವು, ಮೈಯೆಲ್ಲ ಗಂಧೆ, ಉಸಿರಿನ ತ್ರಾಸ ಯಾವುದು ಕಂಡರೂ ಮೊದಲು ಕ್ಲಾಂಪ್ ಬಂದ್, ಆಮೇಲೆ ಫೋನ್. ಹೊಸ ಸೆಟ್ಟಿನಲ್ಲಿ ನಾರ್ಮಲ್ ಸಲಾಯಿನ್ ಹಚ್ಚಿ ಲೈನ್ ಉಳಿಸಿಕೊಳ್ಳಿ, ಬ್ಯಾಗನ್ನು ಬಿಸಾಡದೆ ಬ್ಲಡ್ ಬ್ಯಾಂಕಿಗೆ ವಾಪಸ್ ಕಳಿಸಿ.

ಇಷ್ಟೆಲ್ಲ ನಿಧಾನ ಮಾಡಲು ಹೊತ್ತು ಎಲ್ಲಿಂದ ಬರಬೇಕು? ಓಡಾಟ ಕಡಿಮೆ ಮಾಡಿದರೆ ಬರುತ್ತದೆ. ಹತ್ತಿ ಮರೆತು ಒಮ್ಮೆ, ಪ್ಲಾಸ್ಟರ್ ಮರೆತು ಒಮ್ಮೆ, ಸಿರಿಂಜ್‌ಗೆ ಒಮ್ಮೆ ಎಂದು ಟ್ರಾಲಿಗೂ ಸ್ಟೋರಿಗೂ ನಡೆಯುವುದರಲ್ಲೇ ಹೊಸಬರ ಅರ್ಧ ತಾಸು ಹೋಗಿರುತ್ತದೆ. ಬೆಳಗ್ಗೆಯೇ ಟ್ರಾಲಿ ತುಂಬಿಸಿ: ಸಿರಿಂಜ್ 2, 5, 10 ಎಂಎಲ್, ಗುಲಾಬಿ ಮತ್ತು ನೀಲಿ ವೆನ್‌ಫ್ಲಾನ್, ಸ್ಪಿರಿಟ್ ಸ್ವ್ಯಾಬ್, ಪ್ಲಾಸ್ಟರ್, ಗ್ಲೋವ್ಸ್, ಕೈಗೆ ಹಚ್ಚುವ ಸ್ಯಾನಿಟೈಸರ್, ಸೂಜಿ ಹಾಕುವ ಬಿಳಿ ಡಬ್ಬಿ. ಓಟಿಗೆ ಹೋಗುವವರಿಗೂ ರಕ್ತ ಬೇಕಾಗಬಹುದಾದವರಿಗೂ ಹಸಿರು, ಅಂದರೆ 18 ನಂಬರಿನದು. ಒಬ್ಬ ರೋಗಿಯ ಹತ್ತಿರ ಹೋದರೆ ಅಲ್ಲಿ ಆಗಬೇಕಾದ ನಾಲ್ಕು ಕೆಲಸವನ್ನು ಒಂದೇ ಸಲಕ್ಕೆ ಮುಗಿಸಿ: ಬಿಪಿ ನೋಡುತ್ತ ಡ್ರೆಸಿಂಗ್ ಗಮನಿಸಿ, ಸೂಜಿ ಕೊಟ್ಟು ಯೂರಿನ್ ಬ್ಯಾಗ್ ಅಳೆದು, ಮಗ್ಗುಲು ಬದಲಿಸಿ ಬನ್ನಿ.

ಹನಿ ಎಣಿಸುವ ಲೆಕ್ಕವೂ ಹೊತ್ತು ತಿನ್ನುತ್ತದೆ. ಐವಿ ಸೆಟ್ಟಿನ ಕವರಿನ ಮೇಲೆ 20 ಹನಿಗೆ ಒಂದು ಎಂಎಲ್ ಎಂದಿದ್ದರೆ, ತಾಸಿಗೆ ಎಷ್ಟು ಎಂಎಲ್ ಹೋಗಬೇಕೋ ಅದನ್ನು ಮೂರರಿಂದ ಭಾಗಿಸಿ, ನಿಮಿಷಕ್ಕೆ ಎಷ್ಟು ಹನಿ ಎಂದು ಬರುತ್ತದೆ. 500 ಎಂಎಲ್ ನಾಲ್ಕು ತಾಸಿಗೆ ಅಂದರೆ ತಾಸಿಗೆ 125, ಮೂರರಿಂದ ಭಾಗಿಸಿದರೆ 42 ಹನಿ. ಆರು ತಾಸಿಗೆ ಅಂದರೆ 28. ಮೈಕ್ರೋ ಸೆಟ್ಟಿನಲ್ಲಿ ಇನ್ನೂ ಸುಲಭ, ತಾಸಿನ ಎಂಎಲ್ ಎಷ್ಟೋ ನಿಮಿಷದ ಹನಿ ಅಷ್ಟೇ. ಸರಿ ಮಾಡಿಟ್ಟು ಹೋದ ಮೇಲೂ ಅದು ಹಾಗೇ ಇರುತ್ತದೆ ಅಂದುಕೊಳ್ಳಬೇಡಿ. ರೋಗಿ ಕೈ ಮಡಚಿದರೆ ನಿಲ್ಲುತ್ತದೆ, ಸಲಾಯಿನ್ ಲಗೂ ಮುಗಿದರೆ ಮನೆಗೆ ಲಗೂ ಬಿಡುತ್ತಾರೆ ಎಂದು ಜತೆಗಿದ್ದವರು ಚಕ್ರ ತಿರುಗಿಸಿ ಬಿಟ್ಟಿರುತ್ತಾರೆ. ಬಾಟಲಿಗೆ ಉದ್ದಕ್ಕೆ ಒಂದು ಪ್ಲಾಸ್ಟರ್ ಪಟ್ಟಿ ಹಚ್ಚಿ, 9 ಗಂಟೆ, 10 ಗಂಟೆ ಎಂದು ಗೆರೆ ಎಳೆದಿಡಿ. ಮುಂದೆ ಹಾದು ಹೋಗುವಾಗ ಒಂದು ನೋಟ ಸಾಕು.

ಓಟಿಗೆ ಕಳಿಸುವವರ ವಿಷಯದಲ್ಲಿ ನೀವು ಒಂದೇ ಪ್ರಶ್ನೆಯನ್ನು ಸರಿಯಾಗಿ ಕೇಳುವುದು ಕಲಿತರೆ ಬಹಳ ತ್ರಾಸ ತಪ್ಪುತ್ತದೆ. ‘ಏನರೆ ತಿಂದೀರೇನ್ರಿ?’ ಎಂದರೆ ‘ಏನೂ ಇಲ್ರಿ ಸಿಸ್ಟರ್’ ಎನ್ನುತ್ತಾರೆ. ಅರ್ಧ ತಾಸಿನ ಹಿಂದೆ ಕುಡಿದ ಒಂದು ಕಪ್ ಚಹಾ ಅವರ ಲೆಕ್ಕದಲ್ಲಿ ತಿಂದದ್ದಲ್ಲ. ಹಾಲು ಬಿದ್ದ ಚಹಾಕ್ಕೆ ಊಟದಂತೆಯೇ ಆರು ತಾಸು ಬೇಕು, ಬರೀ ನೀರಿಗೆ ಎರಡು ತಾಸು. ‘ಮುಂಜಾನಿಂದ ಬಾಯಾಗ ಏನೇನ್ ಹಾಕ್ಕೊಂಡೀರಿ? ಚಾ, ನೀರು, ಗುಳಗಿ, ಎಲಿ-ಅಡಿಕಿ, ತಂಬಾಕ?’ ಎಂದು ಒಂದೊಂದೇ ಹೆಸರು ಹಿಡಿದು ಕೇಳಿ. ಇದ್ದದ್ದನ್ನು ಅರಿವಳಿಕೆ ಡಾಕ್ಟರಿಗೆ ತಿಳಿಸಿ. ಮುಚ್ಚಿಟ್ಟು ಕಳಿಸಿದರೆ ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಬಳೆ, ಕಾಲುಂಗುರ, ಮೂಗುತಿ, ಕಟ್ಟಿದ ಹಲ್ಲು ತೆಗೆಸುವಾಗ ಎಣಿಸಿ ಬರೆದು ಮನೆಯವರ ಸಹಿ ತಗೊಳ್ಳಿ. ತಾಳಿ ತೆಗೆಯಲು ಒಪ್ಪದವರ ಜತೆ ವಾದ ಬೇಡ. ಓಟಿಯ ನಿಯಮ ಏನೆಂದು ಕೇಳಿ, ಮನೆಯ ಹಿರಿಯ ಹೆಣ್ಣುಮಗಳ ಕೈಯಿಂದಲೇ ತೆಗೆಸಿದರೆ ಬೇಗ ಒಪ್ಪುತ್ತಾರೆ.

ಓಟಿಯಿಂದ ವಾಪಸ್ ಬಂದವರ ಮೊದಲ ತಾಸು 15 ನಿಮಿಷಕ್ಕೊಮ್ಮೆ, ಮುಂದಿನ ಎರಡು ತಾಸು ಅರ್ಧ ತಾಸಿಗೊಮ್ಮೆ ನಾಡಿ-ಬಿಪಿ. ಇಲ್ಲಿ ನಾಡಿಯನ್ನು ನಂಬಿ. ಒಳಗೆ ರಕ್ತ ಸೋರುತ್ತಿದ್ದರೆ ನಾಡಿ ಮೊದಲು ಏರುತ್ತದೆ. ದೊಡ್ಡವರಲ್ಲಿ ಮೈಯ ರಕ್ತದ ಮೂರನೆಯ ಒಂದು ಪಾಲು ಹೋಗುವವರೆಗೂ ಬಿಪಿ ಹೆಚ್ಚುಕಡಿಮೆ ತಡೆದುಕೊಂಡಿರಬಹುದು. 84, 96, 112 ಎಂದು ಏರುತ್ತಿರುವ ನಾಡಿಯ ಪಕ್ಕ ‘ಬಿಪಿ 120/80, ನಾರ್ಮಲ್’ ಎಂದು ಬರೆದು ಸಮಾಧಾನಪಟ್ಟುಕೊಂಡವರು ಮುಂದಿನ ಸಲ ನೋಡುವಾಗ ಬಿಪಿ 80ಕ್ಕೆ ಬಂದಿರುತ್ತದೆ. ಡ್ರೆಸಿಂಗ್ ಮೇಲೆ ಕಾಣುವ ಕಲೆಯ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಹೊತ್ತು ಬರೆಯಿರಿ, ಬೆಳೆದದ್ದು ಗೊತ್ತಾಗುತ್ತದೆ. ಹೊಟ್ಟೆಯ ಮೇಲಿನ ಡ್ರೆಸಿಂಗ್ ಒಣಗಿದ್ದರೂ ಬೆನ್ನಿನ ಕೆಳಗೆ ಕೈ ತೂರಿಸಿ ನೋಡಿ. ರಕ್ತ ಇಳಿಜಾರು ಹಿಡಿದು ಮಗ್ಗುಲಿಗೆ ಹರಿದು ಹಾಸಿಗೆಯಲ್ಲಿ ನಿಂತಿರುತ್ತದೆ. ಡ್ರೇನಿನಲ್ಲಿ ತಾಸಿಗೆ 100 ಎಂಎಲ್ ದಾಟಿ ಕೆಂಪು ರಕ್ತ ಬಂದರೆ ಕಾಯುವಂತಿಲ್ಲ.

ಮೂತ್ರವೂ ಅಷ್ಟೇ ಮುಖ್ಯ: ಕೆಜಿಗೆ ತಾಸಿಗೆ ಅರ್ಧ ಎಂಎಲ್. 60 ಕೆಜಿಯವರಿಗೆ 30, ನಿಮ್ಮ ಆರು ತಾಸಿನ ಡ್ಯೂಟಿಗೆ 180 ಎಂಎಲ್ ಕನಿಷ್ಠ. ಕಡಿಮೆ ಕಂಡರೆ ಮೊದಲು ನಳಿಕೆ ಮಡಚಿದೆಯೇ, ರೋಗಿಯ ತೊಡೆ ಅದರ ಮೇಲಿದೆಯೇ ನೋಡಿ, ಆಮೇಲೆ ಡಾಕ್ಟರಿಗೆ ಹೇಳಿ. ಬ್ಯಾಗ್ ಮೂತ್ರಕೋಶಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ ಇರಬೇಕು. ನಡೆಸುವಾಗ ಮನೆಯವರು ಅದನ್ನು ಪ್ರೀತಿಯಿಂದ ಹೆಗಲಿಗೆ ಹಾಕಿಕೊಂಡು ಬರುತ್ತಾರೆ, ತಿಳಿಸಿ ಹೇಳಿ.

ರಾತ್ರಿ ಡ್ಯೂಟಿ ಇನ್ನೂ ಬಂದಿಲ್ಲದಿದ್ದರೆ ಬೇಗ ಬರುತ್ತದೆ. ಅನೇಕ ಕಡೆ ಸಂಜೆ ಎಂಟರಿಂದ ಬೆಳಗ್ಗೆ ಎಂಟು, 12 ತಾಸು. ಆಗ ಎದುರಾಗುವ ಒಂದೇ ವಿಷಯ ಹೇಳುತ್ತೇನೆ. ಕಾಲು ಮುರಿದುಕೊಂಡು ಭರ್ತಿಯಾದವನು ಎರಡು ದಿನ ಸುಮ್ಮನಿದ್ದು ಮೂರನೆಯ ರಾತ್ರಿ ಎದ್ದು ಕೂತು, ‘ಎತ್ತಿಗೆ ಮೇವ ಹಾಕೂದೈತಿ, ಬಿಡ್ರಿ ನನ್ನ’ ಎಂದು ಸಲಾಯಿನ್ ಕಿತ್ತು ಹಾಕುತ್ತಾನೆ. ಕೈ ನಡುಗುತ್ತದೆ, ಬೆವರು, ಗೋಡೆಯ ಮೇಲೆ ಏನೋ ಹರಿದಂತೆ ಕಾಣುತ್ತದೆ. ದಿನಾ ಕುಡಿಯುತ್ತಿದ್ದವನಿಗೆ ಕುಡಿತ ನಿಂತ 48ರಿಂದ 96 ತಾಸಿನೊಳಗೆ ಬರುವ ಸ್ಥಿತಿ ಇದು, ಜೀವಕ್ಕೆ ಅಪಾಯದ್ದು. ಕೈಕಾಲು ಕಟ್ಟಿ ಬೈದರೆ ಆಗದು, ಡಾಕ್ಟರು ಬಂದು ಔಷಧ ಕೊಡಬೇಕು. ಥಯಾಮಿನ್ (ವಿಟಮಿನ್ ಬಿ1) ಡೆಕ್ಸ್‌ಟ್ರೋಸ್‌ಗಿಂತ ಮೊದಲು ಹೋಗಬೇಕು. ಹಾಗಂತ ರಾತ್ರಿ ಗಲಿಬಿಲಿಯಾದವರೆಲ್ಲ ಕುಡುಕರಲ್ಲ: ಆಕ್ಸಿಜನ್ ಕಡಿಮೆ, ಶುಗರ್ ಕಡಿಮೆ, ಸೋಡಿಯಂ ಕಡಿಮೆ, ತುಂಬಿದ ಮೂತ್ರಕೋಶ ಯಾವುದೂ ಇರಬಹುದು. ಮೊದಲ ಎರಡನ್ನು ನೀವೇ ಎರಡು ನಿಮಿಷದಲ್ಲಿ ನೋಡಬಹುದು. ಭರ್ತಿಯ ದಿನವೇ ಕುಡಿತದ ಬಗ್ಗೆ ಕೇಳಿ ಬರೆದಿಡುವುದು ಉತ್ತಮ. ಅಪ್ಪನ ಮುಂದೆ ಕೇಳಿದರೆ ಮಗ ಇಲ್ಲ ಎನ್ನುತ್ತಾನೆ, ಒಬ್ಬನೇ ಇದ್ದಾಗ ಕೇಳಿ.

ಅವಸರದ ಇನ್ನೊಂದು ಫಲ ಸೂಜಿ ಚುಚ್ಚಿಕೊಳ್ಳುವುದು. ಬಳಸಿದ ಸೂಜಿಗೆ ಎರಡೂ ಕೈಯಿಂದ ಟೋಪಿ ಹಾಕುವಾಗಲೇ ಇದು ಹೆಚ್ಚು. ಚುಚ್ಚಿದರೆ ಹಿಂಡಬೇಡಿ, ಬಾಯಲ್ಲಿ ಇಟ್ಟುಕೊಳ್ಳಬೇಡಿ. ಸೋಪು-ನೀರಿನಿಂದ ತೊಳೆದು ಕೂಡಲೇ ಇನ್‌ಚಾರ್ಜ್‌ಗೆ ತಿಳಿಸಿ. ಎಚ್‌ಐವಿ ತಡೆಯುವ ಗುಳಿಗೆ ಎರಡು ತಾಸಿನೊಳಗೆ ಶುರುವಾದರೆ ಒಳ್ಳೆಯದು, 72 ತಾಸು ದಾಟಿದರೆ ಪ್ರಯೋಜನ ಇಲ್ಲ, ಒಟ್ಟು 28 ದಿನ ತಗೊಳ್ಳಬೇಕು. ಹುಬ್ಬಳ್ಳಿಯ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್) ಥರದ ಸರ್ಕಾರಿ ದವಾಖಾನೆಗಳ ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ) ಕೇಂದ್ರದಲ್ಲಿ ಇದು ಸಿಗುತ್ತದೆ.  ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್ ಆಗಿರದಿದ್ದರೆ ಈ ವಾರವೇ ಶುರು ಮಾಡಿ.

ಚಾರ್ಟ್ ಮೂರರವರೆಗೆ ಎಳೆಯುತ್ತದೆ ಎಂದಿರಿ. ಎಲ್ಲವನ್ನೂ ಕೊನೆಗೆ ಕೂತು ಬರೆಯುತ್ತೀರಿ ಎಂದು ಇದರಿಂದಲೇ ಗೊತ್ತಾಗುತ್ತದೆ. ಕೊಟ್ಟ ಔಷಧಕ್ಕೆ ಹಾಸಿಗೆಯ ಪಕ್ಕದಲ್ಲೇ ಹೊತ್ತು, ಸಹಿ ಹಾಕಿ. ಕೊಡುವ ಮೊದಲೇ ಸಹಿ ಹಾಕುವುದು ಬೇಡ, ರೋಗಿ ವಾಂತಿ ಮಾಡಿಕೊಂಡರೆ ಅಥವಾ ಸ್ಕ್ಯಾನಿಂಗ್‌ಗೆ ಹೋದರೆ ಕೊಡದ ಔಷಧ ಕೊಟ್ಟಂತಾಗುತ್ತದೆ. ‘ಡಾಕ್ಟರಿಗೆ ತಿಳಿಸಲಾಗಿದೆ’ ಎಂದಷ್ಟೇ ಬರೆದರೆ ಸಾಲದು. ಯಾವ ಡಾಕ್ಟರು, ಎಷ್ಟು ಹೊತ್ತಿಗೆ, ಅವರೇನು ಹೇಳಿದರು ಎಂಬುದೂ ಇರಬೇಕು. ಫೋನಿನಲ್ಲಿ ಹೇಳಿದ ಔಷಧವನ್ನು ಬರೆದುಕೊಂಡು ಓದಿ ಹೇಳಿ, ಬಂದಾಗ ಸಹಿ ಹಾಕಿಸಿ. ಫೋನ್ ಮಾಡುವ ಮೊದಲು ನಾಡಿ, ಬಿಪಿ, ಉಸಿರು, ಸ್ಯಾಚುರೇಶನ್, ಶುಗರ್, ಮೂತ್ರ ಕೈಯಲ್ಲಿರಲಿ. ‘ಸರ್, ಪೇಶಂಟ್ ಸರಿ ಇಲ್ಲ’ ಎಂದರೆ ಅವರು ಬಿಪಿ ಎಷ್ಟು ಎನ್ನುತ್ತಾರೆ, ನೀವು ನೋಡಲು ಓಡುತ್ತೀರಿ, ಫೋನ್ ಕಟ್ಟಾಗುತ್ತದೆ.

ಇನ್ನು 12 ಹಾಸಿಗೆಯ ಮಾತು. ಜನರಲ್ ವಾರ್ಡಿಗೆ ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನದಂಡ ಬೋಧನಾ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬರು, ಉಳಿದ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು. ನಮ್ಮ ಭಾಗದಲ್ಲಿ ಅದು ಎಷ್ಟು ಕಡೆ ನಡೆಯುತ್ತದೆ ಎಂಬುದು ನಿಮಗೇ ಗೊತ್ತು. ಆದರೂ 12ರಲ್ಲಿ ನಾಲ್ವರು ಓಟಿಯಿಂದ ಬಂದವರು, ಒಬ್ಬರಿಗೆ ರಕ್ತ ಏರುತ್ತಿದೆ ಎಂಬಂಥ ದಿನ ಬಾಯಿಮುಚ್ಚಿ ಓಡಬೇಡಿ. ಒಂಬತ್ತು ಗಂಟೆಯೊಳಗೇ ಇನ್‌ಚಾರ್ಜ್ ಸಿಸ್ಟರ ಹತ್ತಿರ ಹೋಗಿ, ‘ಅಕ್ಕಾರ, 4ನೇ ಬೆಡ್ಡಿಗೆ ರಕ್ತ ನಡದೈತಿ, 15 ನಿಮಿಷ ನಾ ಅಲ್ಲೇ ನಿಲ್ಲಬೇಕು, ಅಷ್ಟೊತ್ತು 7 ಮತ್ತ 9 ಯಾರರೆ ನೋಡ್ತಾರೇನ್ರಿ?’ ಎಂದು ಹಾಸಿಗೆ ನಂಬರು, ನಿಮಿಷ ಹಿಡಿದು ಕೇಳಿ. ‘ನನ್ನ ಕೈಲಾಗೂದಿಲ್ರಿ’ ಎಂದರೆ ಸ್ಪೀಡಿನ ಪಾಠ ಸಿಗುತ್ತದೆ, ಹೀಗೆ ಕೇಳಿದರೆ ಬಹುತೇಕ ಒಬ್ಬರನ್ನು ಕೊಡುತ್ತಾರೆ. ಕೊಡದಿದ್ದರೆ, ಕೇಳಿದ್ದನ್ನೂ ಕೇಳಿದ ಹೊತ್ತನ್ನೂ ವಾರ್ಡ್ ರಿಪೋರ್ಟ್ ಬುಕ್ಕಿನಲ್ಲಿ ಒಂದು ಸಾಲಿನಲ್ಲಿ ಬರೆದಿಡಿ.